ಕೆಲಸ ಒಪ್ಪಿಸಿ, ಕರಾರು ಒಪ್ಪಿಸಬೇಡಿ

ಬೆಂಗಳೂರಿನಲ್ಲಿ ಒಂದೆರಡು ಬಾಡಿಗೆ ಮನೆ ಇರುವ ಯಾರನ್ನೇ ಕೇಳಿ, ಈ ಫೋನ್ ಕರೆ ಅವರಿಗೂ ಬಂದಿರುತ್ತದೆ. ‘ನಿಮ್ಮ ಮನೆ ನಮಗೆ ಕೊಡಿ ಸರ್. ಬಾಡಿಗೆಯವರನ್ನ ನಾವೇ ಹುಡುಕ್ತೀವಿ, ಬಾಡಿಗೆ ನಾವೇ ವಸೂಲಿ ಮಾಡ್ತೀವಿ, ನಲ್ಲಿ ಸೋರಿದ್ರೂ ನಾವೇ ನೋಡ್ಕೋತೀವಿ. ಐದನೇ ತಾರೀಕು ನಿಮ್ಮ ಅಕೌಂಟಿಗೆ ದುಡ್ಡು ಬಿದ್ದಿರತ್ತೆ, ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ.’ ಮಂಡಿನೋವಿನಿಂದ ಮೂರನೇ ಮಹಡಿ ಹತ್ತಲಾಗದ ಹಿರಿಯರಿಗೆ, ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಕುಳಿತು ವೈಟ್‌ಫೀಲ್ಡಿನ ಫ್ಲ್ಯಾಟಿನ ಚಿಂತೆ ಮಾಡುವ ಕನ್ನಡಿಗರಿಗೆ ಇದು ಬಹಳ ಹಿತವಾದ ಮಾತು. ಅವರಿಗೆ ಸಹಾಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೀಗೆ ಒಪ್ಪಿಸುವಾಗ ಕೆಲಸದ ಜತೆಗೆ ಕರಾರೂ ಅಡ್ವಾನ್ಸ್ ಹಣವೂ ಮಾಲೀಕರ ಕೈತಪ್ಪಿ ಹೋಗುತ್ತಿವೆ. ಅಪಾಯ ಇರುವುದು ಅಲ್ಲಿ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ತಿಂಗಳಿಗೆ 30,000 ರೂಪಾಯಿ ಬಾಡಿಗೆ ಬರುವ ಮನೆ. ಏಜೆನ್ಸಿಯವರು ಬಾಡಿಗೆಯ ಶೇ 8ರಷ್ಟು ಶುಲ್ಕ ಕೇಳಿದರು ಎಂದಿಟ್ಟುಕೊಳ್ಳಿ. ಅದು 2,400 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 2,832. ವರ್ಷಕ್ಕೆ 33,984, ಅಂದರೆ ಒಂದು ತಿಂಗಳ ಬಾಡಿಗೆಗಿಂತ ತುಸು ಹೆಚ್ಚು. ಹೊಸಬರು ಬಂದಾಗಲೆಲ್ಲ ಕಮಿಷನ್ ಬೇರೆ. ಓಡಾಡಿ ಮನೆ ತೋರಿಸುವವರಿಲ್ಲದೆ ವರ್ಷದಲ್ಲಿ ಒಂದೂವರೆ ತಿಂಗಳು ಬೀಗ ಹಾಕಿಕೊಂಡೇ ಇರುವ ಮನೆಗೆ ಈ ಶುಲ್ಕ ದುಬಾರಿಯಲ್ಲ. ಅದೇ ಬೀದಿಯಲ್ಲಿ ಇದ್ದುಕೊಂಡು, ಟು-ಲೆಟ್ ಬೋರ್ಡ್ ಹಾಕಿದ ವಾರದೊಳಗೆ ಬಾಡಿಗೆಯವರು ಸಿಗುವ ಮಾಲೀಕರಿಗೆ ಖಂಡಿತ ದುಬಾರಿ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ, ನಾವು ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟು ರಿಯಾಯಿತಿ ಕೊಡುತ್ತಾರೆ. ರಿಪೇರಿ, ವಸೂಲಿ, ಓಡಾಟ ಎಲ್ಲದಕ್ಕೂ ಸೇರಿ ಅಷ್ಟೇ. ಏಜೆನ್ಸಿಗೆ ಕೊಟ್ಟ ಶುಲ್ಕವನ್ನು ಬೇರೆಯಾಗಿ ತೋರಿಸಿ ಕಳೆಯಲು ಬರುವುದಿಲ್ಲ. ಆ 33,984 ಪೂರ್ತಿ ನಮ್ಮ ಜೇಬಿನದೇ.

ಆದರೆ ಬಾಡಿಗೆ ಮನೆ ನೋಡಿಕೊಳ್ಳುವ ಕೆಲಸ ಅಂದರೇನು ಎಂದು ಹತ್ತಿರದಿಂದ ಕಂಡವರಿಗೆ ಈ ಲೆಕ್ಕ ಎರಡನೆಯ ವಿಷಯ. ಹನುಮಂತನಗರದಲ್ಲಿ ನನಗೆ ಪರಿಚಯದ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಥರ್ಟಿ ಫಾರ್ಟಿ ಸೈಟು. ನೆಲಮಹಡಿಯಲ್ಲಿ ಅವರು, ಮೇಲೆ ಮೂರು ಬಾಡಿಗೆ ಮನೆ. ಅವರ ಹತ್ತಿರ ರಟ್ಟಿನ ಹೊದಿಕೆಯ ಒಂದು ಉದ್ದನೆಯ ಪುಸ್ತಕವಿದೆ. ಒಂದೊಂದು ಮನೆಯ ಬೆಸ್ಕಾಂ ಆರ್‌ಆರ್ ನಂಬರ್, ಅಗ್ರಿಮೆಂಟ್ ಮುಗಿಯುವ ತಾರೀಕು, ಅಡ್ವಾನ್ಸ್ ಯಾವತ್ತು ಹೇಗೆ ಬಂತು, ಗೀಸರ್ ಕಾಯಿಲ್ ಬದಲಿಸಿದ್ದು, ಸಂಪು ಮತ್ತು ಟ್ಯಾಂಕ್ ತೊಳೆಸಿದ್ದು, ಹೋದ ಸಲ ಗೋಡೆಗೆ ಹೊಡೆಸಿದ ಬಣ್ಣದ ಶೇಡ್ ನಂಬರ್ ಎಲ್ಲವೂ ಅದರಲ್ಲಿವೆ.

ಅವರ ಮನೆ ಖಾಲಿ ಮಾಡುವ ದಿನವನ್ನು ಒಮ್ಮೆ ನೋಡಿದ್ದೇನೆ. ಹೊರಡುತ್ತಿದ್ದದ್ದು ನಾಲ್ಕು ವರ್ಷ ಇದ್ದ ಗಂಡ ಹೆಂಡತಿ, ಒಂದು ಮಗು. ಟೆಂಪೊದಲ್ಲಿ ಸಾಮಾನು ತುಂಬಿಯಾಗಿತ್ತು. ಟೀಚರ್ ಪುಸ್ತಕ ಹಿಡಿದು ಆ ಗಂಡನ ಜತೆ ಕೋಣೆ ಕೋಣೆಗೂ ಹೋದರು. ‘ಆಂಟಿ, ಹಾಲ್‌ನಲ್ಲಿರೋ ಮೊಳೆ ನಾವು ಬಂದಾಗಲೇ ಇತ್ತು’ ಅಂದ ಅವನು. ‘ಹೌದಪ್ಪಾ, ಎರಡು ಮೊಳೆ ಅಂತ ಬರ್ಕೊಂಡಿದೀನಿ. ಅಡುಗೆಮನೆ ಹಲಗೆದು ಮಾತ್ರ ನಿಮ್ಮದು, ಅದು ಇರಲಿ ಬಿಡು.’ ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದರು, ಫ್ಲಷ್ ಒತ್ತಿದರು, ಮೀಟರ್ ಬೋರ್ಡಿನ ರೀಡಿಂಗನ್ನು ಇಬ್ಬರೂ ಫೋಟೊ ತೆಗೆದುಕೊಂಡರು. ಆಮೇಲೆ ಬಣ್ಣದ ಮಾತು. ಈ ಊರಿನಲ್ಲಿ ಮನೆ ಬಿಡುವವರ ಅಡ್ವಾನ್ಸಿನಿಂದ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಕಟ್ಟಳೆಯಂತೆಯೇ ಆಗಿಹೋಗಿದೆ. ಇವರು ಮುರಿದುಕೊಂಡಿದ್ದು ಅರ್ಧ ತಿಂಗಳದು. ‘ನಾಲ್ಕು ವರ್ಷಕ್ಕೆ ಸುಣ್ಣ ಬಣ್ಣ ಮಾಸೋದು ಸಹಜ. ಅಷ್ಟನ್ನೂ ನಿಮ್ಮ ಮೇಲೆ ಹಾಕಿದ್ರೆ ತಪ್ಪಾಗತ್ತೆ’ ಅಂದರು. ಕೊನೆಗೆ ಅವನನ್ನು ಕೂರಿಸಿಕೊಂಡು, ಗೃಹಜ್ಯೋತಿಗೆ ಜೋಡಿಸಿದ್ದ ಅವನ ಆಧಾರನ್ನು ಆ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಮಾಡಿಸಿದರು. ಇದೊಂದು ಮರೆತರೆ, ಅವನಿಗೆ ಹೊಸ ಮನೆಯಲ್ಲಿ ಯೋಜನೆ ಸಿಗದೆ, ಇಲ್ಲಿಗೆ ಬರುವವರಿಗೂ ಸಿಗದೆ, ಇಬ್ಬರೂ ಬೆಸ್ಕಾಂ ಕಚೇರಿಗೆ ಅಲೆಯಬೇಕಾಗುತ್ತದೆ. ಉಳಿದ ಅಡ್ವಾನ್ಸ್ ಅವತ್ತು ಸಂಜೆಯೇ ಅವನ ಖಾತೆಗೆ ಹೋಯಿತು.

ಈ ಕೆಲಸಕ್ಕೆ ಬೇಕಾದದ್ದು ನೆನಪು ಮತ್ತು ನ್ಯಾಯ. ಕಾವೇರಿ ನೀರು ಬಿಡುವ ದಿನ ಯಾವುದು, ಯಾವ ವಾಲ್ವ್ ತಿರುಗಿಸಿದರೆ ಯಾವ ಮನೆಯ ನೀರು ನಿಲ್ಲುತ್ತದೆ, ಯಾವ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ ಎನ್ನುವುದೆಲ್ಲ ಒಬ್ಬರ ತಲೆಯಲ್ಲೋ ಪುಸ್ತಕದಲ್ಲೋ ಇರಬೇಕು. ಏಜೆನ್ಸಿಯಲ್ಲಿ ನಮ್ಮ ಮನೆ ನೋಡಿಕೊಳ್ಳುವ ಹುಡುಗ ಕೆಲಸ ಬಿಟ್ಟು ಬೇರೊಬ್ಬ ಬಂದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ಏಜೆನ್ಸಿಗೆ ಕೊಟ್ಟರೂ ಈ ಪುಸ್ತಕವನ್ನು ಮಾಲೀಕರೇ ಇಟ್ಟುಕೊಳ್ಳಬೇಕು.

ಹಾಗಂತ ತಾವೇ ನೋಡಿಕೊಳ್ಳುವ ಮಾಲೀಕರೆಲ್ಲ ಆ ಟೀಚರಂತೆ ಇರುತ್ತಾರೆಯೇ? ಇಲ್ಲ, ಇದನ್ನೂ ನೇರವಾಗಿ ಹೇಳಬೇಕು. ‘ನೀವು ಯಾವ ಪೈಕಿ’ ಎಂದು ಕೇಳಿ ಜಾತಿ ತಿಳಿದುಕೊಳ್ಳುವವರು, ಹೆಸರು ಕೇಳಿದೊಡನೆ ‘ಮನೆ ನೆನ್ನೆನೇ ಕೊಟ್ಟಾಯ್ತು’ ಅನ್ನುವವರು, ಒಂಟಿ ಹೆಣ್ಣುಮಗಳು ರಾತ್ರಿ ಎಷ್ಟು ಹೊತ್ತಿಗೆ ಬಂದಳೆಂದು ಗೇಟಿನ ಬಳಿ ಕಾಯುವವರು, ಇನ್ನೊಂದು ಕೀಲಿ ಹಾಕಿಕೊಂಡು ಹೇಳದೆ ಕೇಳದೆ ಒಳಗೆ ಬರುವವರು ಈ ನಗರದಲ್ಲಿ ಕಡಿಮೆಯಿಲ್ಲ. ದಲಿತರು, ಮುಸ್ಲಿಮರು, ಮದುವೆಯಾಗದವರು ಮನೆ ಹುಡುಕುವಾಗ ಪಡುವ ಅವಮಾನ ಕಂಡವರಿಗೆ, ಸಂಬಳದ ಸ್ಲಿಪ್ಪನ್ನಷ್ಟೇ ಕೇಳಿ ಕೀಲಿ ಕೊಡುವ ಒಂದು ಒಳ್ಳೆಯ ಏಜೆನ್ಸಿ ಎಷ್ಟು ದೊಡ್ಡ ಉಪಕಾರ ಎಂದು ಅರ್ಥವಾಗುತ್ತದೆ. ಆ ಕಾರಣಕ್ಕೆ ನಾನು ಏಜೆನ್ಸಿಗಳ ವಿರೋಧಿಯಲ್ಲ.

ನನ್ನನ್ನು ಕಂಗೆಡಿಸಿರುವುದು ಬೇರೆ. ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಒಂದು ಬಗೆಯ ವಂಚನೆ ಮತ್ತೆ ಮತ್ತೆ ನಡೆಯುತ್ತಿದೆ. ಪೊಲೀಸ್ ಠಾಣೆಗಳಲ್ಲಿ ದೂರುಗಳು ದಾಖಲಾಗಿವೆ. ನಡೆಯುವುದು ಹೀಗೆ. ಮಾಲೀಕರಿಗೆ ಏಜೆನ್ಸಿ ಹೇಳುತ್ತದೆ: ಮನೆ ನಮಗೆ ಕೊಡಿ, ಖಾಲಿಯಿದ್ದರೂ ತಿಂಗಳಿಗೆ 30,000 ಗ್ಯಾರಂಟಿ. ಮನೆ ಹುಡುಕಿ ಬಂದ ಕುಟುಂಬಕ್ಕೆ ಅದೇ ಏಜೆನ್ಸಿ ಹೇಳುತ್ತದೆ: 15 ಲಕ್ಷಕ್ಕೆ ಭೋಗ್ಯ, ತಿಂಗಳ ಬಾಡಿಗೆ ಇಲ್ಲವೇ ಇಲ್ಲ, ಮೂರು ವರ್ಷದ ಮೇಲೆ ಅಷ್ಟೂ ದುಡ್ಡು ವಾಪಸ್. ಊರಿನ ಜಮೀನು ಮಾರಿಯೋ ಒಡವೆ ಅಡವಿಟ್ಟೋ ಆ ಕುಟುಂಬ 15 ಲಕ್ಷ ತಂದು ಕೊಡುತ್ತದೆ. ಅದೇ ಹಣದಲ್ಲಿ ಒಂದಷ್ಟು ತಿಂಗಳು ಮಾಲೀಕರಿಗೆ ‘ಬಾಡಿಗೆ’ ಬರುತ್ತದೆ. ಒಂದು ದಿನ ನಿಲ್ಲುತ್ತದೆ. ಫೋನ್ ಸ್ವಿಚ್ ಆಫ್, ಆಫೀಸಿಗೆ ಬೀಗ. ಬಾಡಿಗೆ ಯಾಕೆ ಕಟ್ಟಿಲ್ಲ ಎಂದು ಕೇಳಲು ಮಾಲೀಕರು ಮನೆ ಬಾಗಿಲಿಗೆ ಬಂದಾಗ, ತನ್ನ ಜೀವಮಾನದ ಉಳಿತಾಯ ಕೊಟ್ಟು ಕೂತ ಕುಟುಂಬಕ್ಕೆ ಎದುರಿಗೆ ನಿಂತವರು ಯಾರೆಂಬುದೇ ಗೊತ್ತಿರುವುದಿಲ್ಲ. ಮೋಸ ಹೋದ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ದೂರು ಕೊಡುವ ಸ್ಥಿತಿ ಬರುತ್ತದೆ.

ಇದು ಸಾಧ್ಯವಾಗುವುದು ಒಂದೇ ಕಾರಣಕ್ಕೆ: ಮಾಲೀಕರೂ ಬಾಡಿಗೆದಾರರೂ ಒಮ್ಮೆಯೂ ಮುಖಾಮುಖಿ ಆಗಿರುವುದಿಲ್ಲ. ಒಂದು ವರ್ಷ ಮೀರುವ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಿಕೊಳ್ಳಲೆಂದೇ ನಮ್ಮಲ್ಲಿ ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಬರೆಯುವುದು. ತಿಂಗಳ ಬಾಡಿಗೆಗೆ ಅದು ಸರಿ. ಆದರೆ ಮೂರು ವರ್ಷದ ಭೋಗ್ಯವನ್ನೂ ಬರೀ ಇ-ಸ್ಟ್ಯಾಂಪ್ ಕಾಗದದ ಮೇಲೆ ಮುಗಿಸುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ ಮಾಲೀಕರು ಖುದ್ದಾಗಿ ಬರಬೇಕಿತ್ತು, ಇಲ್ಲವೇ ಅವರು ಕೊಟ್ಟ ಅಧಿಕಾರ ಪತ್ರ ತೋರಿಸಬೇಕಿತ್ತು. ಬಹುಪಾಲು ವಂಚನೆ ಆ ಕೌಂಟರಿನಲ್ಲೇ ಬಯಲಾಗುತ್ತಿತ್ತು.

ಕಾನೂನು ನಮ್ಮನ್ನು ಕಾಪಾಡುತ್ತದೆ ಎಂದುಕೊಂಡಿರುವವರು ಇನ್ನೆರಡು ಸಂಗತಿ ತಿಳಿದಿರಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆಯೂ ಸಿಗದು. ಹಾಗಾಗಿ ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಉಳಿಯುವುದು ಆ ಅಗ್ರಿಮೆಂಟ್, ಅದರ ಹಿಂದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅಷ್ಟೇ. ಎರಡನೆಯದಾಗಿ, 1872ರ ಕರಾರು ಕಾಯ್ದೆಯ ಪ್ರಕಾರ, ನಾವು ಕೊಟ್ಟ ಅಧಿಕಾರದೊಳಗೆ ಏಜೆಂಟ್ ಮಾಡಿದ ಕೆಲಸ ನಾವೇ ಮಾಡಿದ ಹಾಗೆ. ‘ಮನೆಗೆ ಸಂಬಂಧಿಸಿದ ಎಲ್ಲ ವ್ಯವಹಾರ’ ಎಂದು ಬರೆದುಕೊಟ್ಟಿದ್ದರೆ ಅವನು ಇಸಿದುಕೊಂಡ ಅಡ್ವಾನ್ಸಿಗೆ ನಾವೇ ಉತ್ತರ ಹೇಳಬೇಕಾಗಿ ಬರಬಹುದು. ಅದೇ ಕಾಯ್ದೆ, ಕೇಳಿದಾಗ ಏಜೆಂಟ್ ಸರಿಯಾದ ಲೆಕ್ಕ ಒಪ್ಪಿಸಲೇಬೇಕು ಎಂದೂ ಹೇಳಿದೆ. ಎಷ್ಟು ಮಾಲೀಕರು ಕೇಳುತ್ತಾರೆ? ಐದನೇ ತಾರೀಕಿನ ಮೆಸೇಜ್ ಬಂದರೆ ಸಾಕು ಎಂದು ಸುಮ್ಮನಿರುವವರೇ ಹೆಚ್ಚು.

ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟು. ಮನೆ ತೋರಿಸುವುದು, ಪ್ಲಂಬರ್ ಕಳಿಸುವುದು, ಪೇಂಟ್ ಮಾಡಿಸುವುದು, ಅಸೋಸಿಯೇಷನ್ ಮೀಟಿಂಗಿಗೆ ಹೋಗುವುದು, ಪೊಲೀಸ್ ಪರಿಶೀಲನೆಯ ಫಾರ್ಮ್ ತುಂಬಿಸುವುದು, ಇವನ್ನೆಲ್ಲ ಧಾರಾಳವಾಗಿ ಏಜೆನ್ಸಿಗೆ ಬಿಡಿ, ಒಳ್ಳೆಯ ಶುಲ್ಕವನ್ನೂ ಕೊಡಿ. ಆದರೆ ಅಗ್ರಿಮೆಂಟಿನ ಮೇಲೆ ಸಹಿ ನಿಮ್ಮದೇ ಇರಲಿ. ಅಡ್ವಾನ್ಸ್ ಮತ್ತು ಬಾಡಿಗೆ ಬಾಡಿಗೆದಾರರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಲಿ. ಏಜೆನ್ಸಿಯ ಶುಲ್ಕವನ್ನು ಆಮೇಲೆ ನೀವೇ ಕಳಿಸಿ. 30,000 ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ಎಂದರೆ 1,80,000 ರೂಪಾಯಿ. ಅದು ಮೂರನೆಯವರ ಖಾತೆಯಲ್ಲಿ ಇರಬೇಕಾದ ಯಾವ ಕಾರಣವೂ ಇಲ್ಲ. ರಿಪೇರಿಗೆ ಇಂತಿಷ್ಟು ಎಂದು ಮಿತಿ ಹಾಕಿ, ಅದನ್ನು ಮೀರಿದರೆ ಕೇಳಿಯೇ ಮಾಡಬೇಕು ಎಂದು ಬರೆಸಿ. ಹೊಸ ಬಾಡಿಗೆದಾರರೊಂದಿಗೆ ಒಂದು ಸಲವಾದರೂ ವಿಡಿಯೊ ಕರೆಯಲ್ಲಿ ಮಾತಾಡಿ, ಮುಖ ನೋಡಿ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಅವರ ಬಾಯಿಂದಲೇ ಕೇಳಿ. ಐದು ನಿಮಿಷದ ಆ ಮಾತುಕತೆ ಭೋಗ್ಯದ ಮೋಸವನ್ನು ಹುಟ್ಟುವ ಮೊದಲೇ ಹಿಡಿದುಬಿಡುತ್ತದೆ.

ಪರದೇಶದಲ್ಲಿರುವವರು ಅಧಿಕಾರ ಪತ್ರ ಕೊಡಲೇಬೇಕಾದಾಗ ಅದನ್ನು ಏಜೆನ್ಸಿಗೆ ಕೊಡುವ ಬದಲು ನಂಬಿಕೆಯ ಬಂಧುವಿಗೆ, ಈ ಮನೆಗೆ, ಈ ಕೆಲಸಕ್ಕೆ, ಇಷ್ಟು ಅವಧಿಗೆ ಎಂದು ಸ್ಪಷ್ಟವಾಗಿ ಬರೆದು ಕೊಡಿ. ಹೊರದೇಶದಲ್ಲಿ ಸಹಿ ಮಾಡಿದ ಪತ್ರಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ನೀವು ಅನಿವಾಸಿ ಎಂಬುದನ್ನು ಬಾಡಿಗೆದಾರರಿಗೆ ತಿಳಿಸುವುದೂ ನಿಮ್ಮ ಕರ್ತವ್ಯ. ಅನಿವಾಸಿ ಮಾಲೀಕರಿಗೆ ಕೊಡುವ ಬಾಡಿಗೆಯಿಂದ ಶೇ 30 ಮತ್ತು ಅದರ ಮೇಲಿನ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆ ಕೊಡುವವರದು. ಏಜೆನ್ಸಿಯ ಮರೆಯಲ್ಲಿ ನೀವು ಕಾಣದೇ ಉಳಿದರೆ, ಏನೂ ತಿಳಿಯದ ಆ ಬಾಡಿಗೆದಾರ ತೆರಿಗೆ ಇಲಾಖೆಯ ನೋಟಿಸಿಗೆ ಉತ್ತರ ಕೊಡುತ್ತಾ ಕೂರಬೇಕಾದೀತು.

ಸರ್ಕಾರದ ಪಾಲಿನ ಕೆಲಸವೂ ಬಾಕಿಯಿದೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾದ ಯೋಜನೆಯಲ್ಲಿ ಒಂದು ಫ್ಲ್ಯಾಟ್ ಮಾರಿಸುವ ಏಜೆಂಟ್ ತಾನೂ ರೇರಾದಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಅದೇ ಫ್ಲ್ಯಾಟಿನ ಕೀಲಿ, ಅಡ್ವಾನ್ಸ್, ಬಾಡಿಗೆ ಎಲ್ಲವನ್ನೂ ವರ್ಷಗಟ್ಟಲೆ ಕೈಯಲ್ಲಿಟ್ಟುಕೊಳ್ಳುವ ಏಜೆನ್ಸಿಗೆ ಆ ನಿಯಮವಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಆಸ್ತಿ ನಿರ್ವಾಹಕರಿಗೆಂದೇ ವಿಧಿಗಳಿವೆ. ಅವರ ಹೆಸರು, ಮಾಲೀಕರು ಕೊಟ್ಟ ಅಧಿಕಾರದ ಪುರಾವೆ, ಅದರ ಅವಧಿ ಇವೆಲ್ಲ ಬಾಡಿಗೆದಾರರಿಗೆ ತಿಳಿದಿರಬೇಕು; ಒಳಗೆ ಬರುವ 24 ಗಂಟೆ ಮೊದಲು ತಿಳಿಸಬೇಕು; ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು. ಆದರೆ ಅದು ಮಾದರಿ ಮಾತ್ರ; ರಾಜ್ಯಗಳು ತಾವಾಗಿ ಕಾನೂನು ಮಾಡಿದರಷ್ಟೇ ಜಾರಿಗೆ ಬರುತ್ತದೆ. ಎರಡು ತಿಂಗಳ ಮಿತಿಗೆ ಮಾಲೀಕರು ವಿರೋಧಿಸಬಹುದು, ಅದು ಚರ್ಚೆಯಾಗಲಿ. ಬಾಡಿಗೆ ಏಜೆನ್ಸಿಗಳ ನೋಂದಣಿಗೆ ಪ್ರಾಮಾಣಿಕರು ಯಾರೂ ವಿರೋಧಿಸಲಾರರು. ಅದಕ್ಕಾಗಿ ನಮ್ಮ ಶಾಸಕರನ್ನು ನಾವು ಕೇಳಲೇಬೇಕು.

ಮನೆ ಹುಡುಕುತ್ತಿರುವವರು ಆ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಇತ್ತೀಚಿನ ಆಸ್ತಿ ತೆರಿಗೆ ರಸೀದಿ ಕೇಳಿ, ಅದರಲ್ಲಿರುವ ಹೆಸರಿನವರ ಜತೆ ನೇರ ಮಾತಾಡಿ. ಬಾಡಿಗೆ ವರ್ಷಕ್ಕೆ ಲಕ್ಷ ಮೀರಿದರೆ ಎಚ್‌ಆರ್‌ಎ ವಿನಾಯಿತಿಗೆ ಹೇಗೂ ಮಾಲೀಕರ ಪ್ಯಾನ್ ಬೇಕೇ ಬೇಕು. ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ. ದುಡ್ಡನ್ನು ಆ ಮಾಲೀಕರ ಖಾತೆಗೇ ಹಾಕುತ್ತೇನೆ ಅನ್ನಿ. ಏಜೆನ್ಸಿ ಅದಕ್ಕೆ ಒಪ್ಪದಿದ್ದರೆ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಮುಂದೆ ಹೋಗಿ. ಅದೇ ರಸ್ತೆಯಲ್ಲಿ ಇನ್ನೊಂದು ಟು-ಲೆಟ್ ಬೋರ್ಡ್ ಇದ್ದೇ ಇರುತ್ತದೆ.