ತೆರೆದು ನೋಡಿದರೆ ಸಾಲದು, ಉಳಿಸಿಟ್ಟುಕೊಳ್ಳಿ



ಮಣ್ಣು ಪರೀಕ್ಷೆಯ ವರದಿ ಈಗ ಕೆಲವರಿಗೆ ಇ-ಮೇಲ್‌ನ ಅಟ್ಯಾಚ್‌ಮೆಂಟ್ ಆಗಿ, ಅಂದರೆ ಪತ್ರದ ಜೊತೆಗಿಟ್ಟ ಕಾಗದದಂತೆ, ಮೊಬೈಲಿಗೇ ಬರುತ್ತದೆ. ತಾವು ಅದನ್ನು ಒತ್ತಿ ತೆರೆದು ಓದುತ್ತೀರಿ, ಮುಚ್ಚುತ್ತೀರಿ, ವರದಿ ಮೊಬೈಲಿನಲ್ಲೇ ಇದೆಯೆಂದು ನಂಬುತ್ತೀರಿ. ಸಾಮಾನ್ಯವಾಗಿ ಅದು ಇರುವುದು ದೂರದ ಕಂಪ್ಯೂಟರಿನಲ್ಲಿ. ನೆಟ್‌ವರ್ಕ್ ಇದ್ದರೆ ಮಾತ್ರ ಕಾಣಿಸುತ್ತದೆ.

ಬಿತ್ತನೆಯ ಗಡಿಬಿಡಿಯಲ್ಲಿ ಗೊಬ್ಬರದ ಅಂಗಡಿಯ ಮುಂದೆ ನೆಟ್‌ವರ್ಕ್ ಸಿಗದಿದ್ದರೆ, ಅಂಗಡಿಯವರು ಕೊಟ್ಟದ್ದೇ ಗೊಬ್ಬರ. ತಮ್ಮ ಮಣ್ಣಿನಲ್ಲಿ ರಂಜಕ ಹೆಚ್ಚಿದೆಯೆಂದು ವರದಿ ಹೇಳಿದ್ದರೂ, ಶೇಕಡ 46 ರಂಜಕದ ಡಿಎಪಿ ಚೀಲವನ್ನೇ ಹೊತ್ತು ತರುತ್ತೀರಿ. ಹಣ ದಂಡ. ಅತಿಯಾದ ರಂಜಕದಿಂದ ಬೆಳೆಗೆ ಸತುವು ಸಿಗುವುದೂ ಕಡಿಮೆಯಾಗುತ್ತದೆ.

ಆದ್ದರಿಂದ ಮನೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಅಟ್ಯಾಚ್‌ಮೆಂಟಿನ ಮೇಲಿರುವ ಕೆಳಮುಖ ಬಾಣದ ಗುರುತನ್ನು ಒತ್ತಿ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದು ಸಾಮಾನ್ಯವಾಗಿ ‘ಡೌನ್‌ಲೋಡ್ಸ್’ ಎಂಬಲ್ಲಿ ಸೇರುತ್ತದೆ. ಬಂದ ಹೆಸರು ಬರೀ ಅಂಕಿಗಳ ಸಾಲಾಗಿರುವುದುಂಟು; ಸರ್ವೆ ನಂಬರು ಮತ್ತು ವರ್ಷ ಹಾಕಿ ಹೆಸರು ಬದಲಿಸಿ. ಇಲ್ಲವಾದರೆ ಮದುವೆಯ ಆಮಂತ್ರಣಗಳ ನಡುವೆ ಹುಡುಕಬೇಕಾದೀತು.

ಈ ಕೆಲಸವನ್ನು ಮಗನಿಗೋ ಮಗಳಿಗೋ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಗೆ ಹೋಗುವವರು ತಾವು, ತಾವೇ ಕಲಿಯಿರಿ. ಗುರುತಿಲ್ಲದವರು ಕಳಿಸಿದ ಅಟ್ಯಾಚ್‌ಮೆಂಟನ್ನು ಮಾತ್ರ ತೆರೆಯಬೇಡಿ.

ಉಳಿಸಿದ ಮೇಲೆ ಮೊಬೈಲಿನ ಇಂಟರ್ನೆಟ್ ಆರಿಸಿ, ‘ಡೌನ್‌ಲೋಡ್ಸ್’ಗೆ ಹೋಗಿ ವರದಿಯನ್ನು ಇನ್ನೊಮ್ಮೆ ತೆರೆಯಿರಿ. ಆಗಲೂ ತೆರೆದರೆ ವರದಿ ತಮ್ಮ ಬಳಿ ಇದೆಯೆಂದು ತಿಳಿಯಬಹುದು.