ಸುವಾಸನಿ ಸರಣಿ 6: ಹೂವಿನ ಸೆಂಟಿನ ತಳದಾಗ ನಮ್ಮ ಗಂಧ

ವಿಕ್ಟೋರಿಯಾ ಕಾಲದ ಹೂವಿನ ಸೆಂಟು ಈಗ ಯಾಕ ಮಾಡಂಗಿಲ್ಲ ಅಂತ ಕೇಳ್ತೀರಿ. ಹೂವಿನ ಕೊರತೆ ಅಲ್ಲ, ಗಂಧದ್ದು ಅಂತೀನಿ ನಾನು. ಹೂವಿನ ವಾಸನಿ ಲಗೂನ ಹಾರಿಹೋಗ್ತದ, ಹಿಡಿದಿಡಾಕ ತಳಕ್ಕ ಭಾರದ ಎಣ್ಣಿ ಬೇಕು. ಗುಲಾಬಿ ಅತ್ತರಿಗೆ ಶ್ರೀಗಂಧದೆಣ್ಣಿ ಬೆರೆಸೋದನ್ನ ಲಂಡನ್ನಿನ ಸೆಪ್ಟಿಮಸ್ ಪೀಸ್ 1855ರ ಪುಸ್ತಕದಾಗ ಬರೆದಾನ.

ಕಟ್ಟಿಗಿ ಮೈಸೂರಿಂದು, ಎಣ್ಣಿ ತೆಗೆಯೋದು ಜರ್ಮನಿಯಾಗ! 1914ರ ಯುದ್ಧಕ್ಕ ಆ ವ್ಯಾಪಾರ ನಿಂತ ಮ್ಯಾಲೇ ಮೈಸೂರಿನ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾತು. 1918ಕ್ಕೆ ಸ್ಯಾಂಡಲ್ ಸೋಪು.

ಆಮೇಲೆ ಕಾಡಿನ ಗಂಧ ಕಳ್ಳರ ಕೊಡಲಿಗೆ ಹೋತು. ರೈತರ ಹೊಲದಾಗ ಹುಟ್ಟಿದ ಗಿಡಾನೂ ಸರ್ಕಾರದ್ದೇ ಇತ್ತು, ಕಾನೂನು ತಿದ್ದಿದ್ದು 2001ರಲ್ಲಿ. ತಂದಲ್ಲದ್ದನ್ನ ಯಾರು ಕಾಯ್ತಾರ ಹೇಳ್ರಿ?

ಹಳೇ ಫಾರ್ಮುಲಾ ಸಿಕ್ರೂ ಆ ಗಂಧ ಇಲ್ಲದ ಆ ವಾಸನಿ ಬರಂಗಿಲ್ಲ. ಖಾಲಿ ಬಾಟ್ಲಿ ಫೋಟೋಕ್ಕ ಲೈಕ್ ಒತ್ತೋದು ಸಾಕು, ಗಿಡ ಹಚ್ರಿ. ನರಗುಂದದ ಎರಿ ಹೊಲದಾಗ ನೀರು ನಿಂತ್ರ ಅದು ಒಲ್ಲದು; ಗಜೇಂದ್ರಗಡದ ಗುಡ್ಡದ ಮಸಾರಿ ನೋಡ್ರಿ. ಬಾಜೂಕ ತೊಗರಿ ಇರಲಿ, ಗಂಧದ ಬೇರು ಅದರಿಂದ ಹೀರಿ ಬೆಳೀತದ. ಎಣ್ಣಿ ಇರೋ ಚೇಗು ಕಟ್ಟಾಕ 15-20 ವರ್ಷ ಬೇಕು. ನಮ್ಮ ಬ್ಯಾಚಿನವ್ರಿಗೆ ಆಗಿನ್ನೂ ನಲವತ್ತರ ಆಸುಪಾಸು.