ಒಂದೊಂದು ಮಾತ್ರೆಗೂ ಒಂದೊಂದು ದಾವೆ

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ತೋಟ ಸರಕಾರಿ ನಿಗಮದ್ದು, ಲಾಭವೂ ಅದರದ್ದೇ. ಕೆಳಗೆ ತೋಡು, ಸುರಂಗದ ನೀರು ಕುಡಿದವರು ಬಡವರು. ಅಲ್ಲಿನ ಪಡ್ರೆ ಎಂಬ ಊರಿನ ಮನೆಗಳಲ್ಲಿ ತಲೆ ಊದಿದ, ಮಾತು ಬಾರದ ಮಕ್ಕಳನ್ನು ಊರಿನ ವೈದ್ಯ ಡಾ. ಮೋಹನ್ ಕುಮಾರ್ ಕಂಡು ಹೇಳಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಸಮಿತಿಗಳು ಬಂದವು, ಚಹಾ ಕುಡಿದವು, ಹೋದವು.

ಆ ಹೆಲಿಕಾಪ್ಟರನ್ನು ಇಳಿಸಿದ್ದು ಯಾವ ಆರೋಗ್ಯ ಇಲಾಖೆಯೂ ಅಲ್ಲ. ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಒಬ್ಬ ಹೆಣ್ಣುಮಗಳು ಹೊಸದುರ್ಗದ ಮುನ್ಸೀಫ್ ಕೋರ್ಟಿನ ಮೆಟ್ಟಿಲು ಹತ್ತಿ ತಡೆಯಾಜ್ಞೆ ತಂದರು. 2011ರಲ್ಲಿ ನಮ್ಮ ಕೇಂದ್ರ ಸರಕಾರ ಜಿನೀವಾದಲ್ಲಿ ಕೂತು ಈ ವಿಷಕ್ಕೆ ವಿನಾಯಿತಿ ಕೇಳುತ್ತಿತ್ತು. ಮರು ತಿಂಗಳೇ, ಯುವಜನ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ದೇಶದಲ್ಲೆಲ್ಲ ತಡೆಯಿತು. ಪ್ರಜೆಗಳ ಆರೋಗ್ಯ ಕಾಯಬೇಕಾದವರು ಯಾರು, ಕಾಯ್ದವರು ಯಾರು?

ಗೆದ್ದೆವು ಎಂದು ಬೀಗಬೇಡಿ. 2017ರ ಜನವರಿಯಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆಯಿತು. 2022ರಲ್ಲಿ ಲೆಕ್ಕ ಕೇಳಿದರೆ, 3,704 ಮಂದಿಯಲ್ಲಿ ಹಣ ಕೈಸೇರಿದ್ದು ಎಂಟು ಮಂದಿಗೆ! ಯಾವ ಎಂಟು? ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಮತ್ತೆ ದಿಲ್ಲಿಗೆ ಹೋದವರು. ಹಾಸಿಗೆ ಹಿಡಿದ 102 ಮಂದಿ, ಕ್ಯಾನ್ಸರಿನ 119 ಮಂದಿ ಆ ಪಟ್ಟಿಯಲ್ಲೇ ಇದ್ದರು. ಮಗ್ಗುಲು ಬದಲಿಸಲಾಗದವನು ದಿಲ್ಲಿಗೆ ಹೇಗೆ ಹೋದಾನು? ಆಗ ಆಳುತ್ತಿದ್ದ ಪಕ್ಷ ಬಡವರದ್ದಂತೆ, ಕೆಂಪು ಬಾವುಟದ್ದಂತೆ. ಹೆಣ ಕಾಯುವುದರಲ್ಲಿ ಎಲ್ಲ ಬಾವುಟಕ್ಕೂ ಒಂದೇ ಬಣ್ಣ.

ಕರ್ನಾಟಕದ ನಾವೇನು ಕಡಿಮೆಯೇ? ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆಯ ಗೇರು ಗುಡ್ಡಗಳಲ್ಲಿ ನಮ್ಮದೇ ನಿಗಮ ಇದೇ ವಿಷ ಸುರಿಯಿತು. ಕಾಸರಗೋಡಿನ ರೋಗಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಕಾಸರಗೋಡಿನದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ; 2020 ಬಂದರೂ ಅದು ಪೂರ್ತಿಯಾಗಿರಲಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಹೆಸರಲ್ಲಿ ಕರ್ನಾಟಕ ಸರಕಾರ ಗಡಿರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ಗಡಿಯ ತಲಪಾಡಿಯಿಂದ ಹಿಂದೆ ತಿರುಗಿದವು, ಜನ ಸತ್ತರು. ತಡೆ ತೆಗೆಸಿ ಎಂದು ಕೇರಳ ಹೈಕೋರ್ಟು ಹೇಳಿದರೆ, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಓಡಿದ್ದು ನಮ್ಮ ಸರಕಾರ. ರಾಜ್ಯೋತ್ಸವ ಬಂದರೆ ಕಾಸರಗೋಡು ನಮ್ಮದು ಎಂದು ಎದೆ ತಟ್ಟಿಕೊಳ್ಳುವವರ ಬಾಯಿಗೆ ಆ ದಿನ ಯಾರು ಬೀಗ ಹಾಕಿದ್ದರು?

ಕಾಸರಗೋಡು, ಪುತ್ತೂರು, ಬೆಳ್ತಂಗಡಿಯ ಕರಿಕೋಟಿನ ಹುಡುಗ ಹುಡುಗಿಯರೇ, ಮಂತ್ರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡಿದ್ದು ಸಾಕು. ಹಾಸಿಗೆ ಹಿಡಿದವರ ಮನೆಗೇ ಹೋಗಿ, ಫೀಸು ಕೇಳದೆ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ತೀರ್ಪು ಬಂದ ದಿನ ಪಟಾಕಿ ಬೇಡ, ಮಾರನೆಯ ದಿನವೇ ಜಾರಿ ಅರ್ಜಿ ಹಾಕಿ.